ಹಾಯಿದೋಣಿಗಳನ್ನು ಓಡಿಸಿದವರು ಯಾರು?

ನೈರೋಬಿಯ ಸ್ಪ್ರಿಂಗ್ ವ್ಯಾಲಿಯ ಭಾರತೀಯ ಮನೆಗಳಲ್ಲಿ, ಕನ್ನಡಿಗರ ಮನೆಗಳನ್ನೂ ಸೇರಿಸಿ, ನೈರೋಬಿ ಡ್ಯಾಮಿನ ಮಾತು ಬಂದಾಗಲೆಲ್ಲ ಒಂದೇ ಹಳಹಳಿಕೆ: ಎಂಥ ಕೆರೆಯಾಗಿತ್ತು, ಬಿಳಿ ಹಾಯಿಗಳು ಸಾಲಾಗಿ ಓಡುತ್ತಿದ್ದವು, ಕಿಬೇರಾದವರು ಎಲ್ಲವನ್ನೂ ಹಾಳುಮಾಡಿದರು. ಈ ಮಾತಿನ ಮೊದಲರ್ಧ ನಿಜ. ಉಳಿದರ್ಧ ಸುಳ್ಳು, ಅದೂ ಅನುಕೂಲಕ್ಕೆ ಒದಗಿಬರುವ ಸುಳ್ಳು.

ವಸಾಹತು ಸರ್ಕಾರ 1953ರಲ್ಲಿ ಕಟ್ಟಿಸಿದ ಜಲಾಶಯವದು. ಕುಡಿಯುವ ನೀರಿನ ಜೊತೆಗೆ ವಿಹಾರವೂ ಅದರ ಉದ್ದೇಶವಾಗಿತ್ತು. ನೈರೋಬಿ ಸೇಲಿಂಗ್ ಕ್ಲಬ್ಬಿನ ಸಣ್ಣ ದೋಣಿಗಳು ಅಲ್ಲಿ ಸ್ಪರ್ಧಿಸಿದವು. ಈ ಆಟವನ್ನು ಹೀಗಳೆಯಬೇಕಾಗಿಲ್ಲ. ಅದರಲ್ಲಿ ಇಂಜಿನ್ನಿನ ಗದ್ದಲವಿಲ್ಲ, ಹೊಗೆಯಿಲ್ಲ. ಎದುರುಗಾಳಿಗೆ ಓರೆಯೋರೆಯಾಗಿ ಸಾಗಿ ತೇಲುಗುರುತನ್ನು ಸುತ್ತಿಬರುವ ಜಾಣ್ಮೆಯಿದೆ. ಆದರೆ ಅದಕ್ಕೆ ತೆರೆದ ನೀರು ಬೇಕು. ಕೊಳಚೆಯ ಸಾರಜನಕ, ರಂಜಕಗಳನ್ನುಂಡು ಕೊಬ್ಬುವ ದಕ್ಷಿಣ ಅಮೆರಿಕ ಮೂಲದ ಹಯಸಿಂತ್ ಕಳೆ ಚುಕ್ಕಾಣಿಗೂ ದೋಣಿಯಡಿಯ ಹಲಗೆಗೂ ಸುತ್ತಿಕೊಂಡರೆ ಆಟ ಅಲ್ಲಿಗೇ ಮುಗಿಯಿತು. ಡ್ಯಾಮಿನಲ್ಲಿ ಆದದ್ದೂ ಅದೇ.

ಕೊಳಚೆ ಕಿಬೇರಾದಿಂದಲೂ ಬಂತು, ಅಲ್ಲಗಳೆಯುವಂತಿಲ್ಲ. ಆದರೆ ಕಿಬೇರಾ ಅಣೆಕಟ್ಟಿಗಿಂತ ಹಳೆಯದು. ಬ್ರಿಟಿಷರ ಸೈನ್ಯದಲ್ಲಿ ದುಡಿದ ನೂಬಿಯನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಲ್ಲಿ ನೆಲೆಸಿದ್ದರು. ವಸಾಹತು ಸರ್ಕಾರವೂ ಅನಂತರದ ಸರ್ಕಾರಗಳೂ ಆ ನೆಲೆಯನ್ನು ಅನಧಿಕೃತವೆಂದೇ ಕಂಡವು. ಅನಧಿಕೃತ ಎಂದು ಬರೆದಿಟ್ಟರೆ ಒಳಚರಂಡಿ ಹಾಕುವ ಹೊಣೆಯೂ ತಪ್ಪುತ್ತದಲ್ಲ! ಶೌಚಾಲಯವನ್ನೇ ಕೊಡದೆ ಮಲಕ್ಕೆ ನಿವಾಸಿಗಳನ್ನು ದೂರುವುದು ಯಾವ ನ್ಯಾಯ? ನಗರದ ವಾಯವ್ಯದ ಎತ್ತರದ ಬಡಾವಣೆಗಳು ಆ ಕಾಲದಲ್ಲಿ ಬಿಳಿಯರಿಗೆ ಮೀಸಲು. ಭಾರತೀಯರೂ ಬೇಲಿಯ ಹೊರಗಿನವರೇ. ಬೇಲಿ ಕಳಚಿದ ಮೇಲೆ ಒಳಬಂದವರು ಈಗ ಹೊರಗುಳಿದವರನ್ನು ಹಳಿಯುತ್ತಿದ್ದಾರೆ.

ಡ್ಯಾಮಿನ ನೀರು ಡ್ಯಾಮಿನಲ್ಲೇ ನಿಲ್ಲುವುದಿಲ್ಲ. ಅಲ್ಲಿಂದ ಹೊರಡುವ ಎನ್‌ಗಾಂಗ್ ನದಿ ನೈರೋಬಿ ನದಿಯನ್ನು ಸೇರಿ, ಆಥಿಯಾಗಿ, ಗಲಾನಾ ಆಗಿ, ಕೊನೆಗೆ ಸಬಾಕಿ ಎಂಬ ಹೆಸರಿನಲ್ಲಿ ಮಲಿಂದಿಯ ಉತ್ತರಕ್ಕೆ ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ವ್ಯಾಲಿಯ ತೊರೆಗಳು ಹೊತ್ತೊಯ್ಯುವುದೂ ಅಲ್ಲಿಗೇ. ಆ ಅಳಿವೆಯಲ್ಲಿ ನೀರಾನೆಗಳಿವೆ, ರಾಜಹಂಸಗಳು ಮೇಯುತ್ತವೆ, ಅಳಿವಿನಂಚಿಗೆ ಸರಿಯುತ್ತಿರುವ ಮಡಗಾಸ್ಕರ್ ಪ್ರಾಟಿಂಕೋಲ್ ಹಕ್ಕಿಗಳು ಗುಂಪುಗುಂಪಾಗಿ ಬಂದಿಳಿಯುತ್ತವೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದಾಗ ಹಿಗ್ಗಿದ ಕನ್ನಡಿಗರು, ತಾವು ಬಾಳುವ ಊರಿನ ನದಿ ಯಾವ ಅಳಿವೆಗೆ ಏನನ್ನು ಒಯ್ಯುತ್ತಿದೆ ಎಂದು ಒಮ್ಮೆಯಾದರೂ ವಿಚಾರಿಸಬೇಡವೇ? ಅಘನಾಶಿನಿಯ ಹಿರಿಮೆ ಹಕ್ಕಿಗಳದಷ್ಟೇ ಅಲ್ಲ, ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪಿಕಲ್ಲು ಆರಿಸುವ ಹೆಂಗಸರದೂ ಹೌದು. ಜನರನ್ನು ತೆರವುಗೊಳಿಸಿ ಯಾರೂ ಆ ಅಳಿವೆಯನ್ನು ಉಳಿಸಲಿಲ್ಲ.

ಡ್ಯಾಮನ್ನು ಶುದ್ಧಗೊಳಿಸಿ ಮತ್ತೆ ದೋಣಿ ಬಿಡುವ ಮಾತು ಆಗಾಗ ಎದ್ದು ಅಡಗುತ್ತದೆ. ಭಯವಿರುವುದು ಇಲ್ಲಿಯೇ. 2024ರ ಪ್ರವಾಹದ ಬೆನ್ನಿಗೆ ನದಿದಂಡೆಯ 30 ಮೀಟರ್ ತೆರವಿನ ಹೆಸರಿನಲ್ಲಿ ಮಥಾರೆ, ಮುಕುರುಗಳ ಬಡವರ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಡ್ಯಾಮಿನ ಹೆಸರಿನಲ್ಲಿ ಕಿಬೇರಾದ ಸರದಿ ಬರುವುದಿಲ್ಲವೆಂದು ಯಾರು ಹೇಳಬಲ್ಲರು? ಹಾಯಿಗಳು ಮರಳಿ ಬರಬೇಕೆನ್ನುವವರು ಮೊದಲು ಕಿಬೇರಾಕ್ಕೆ ಒಳಚರಂಡಿ ಬೇಕೆಂದು, ಯಾರನ್ನೂ ಒಕ್ಕಲೆಬ್ಬಿಸಬಾರದೆಂದು ಸರ್ಕಾರವನ್ನು ಒತ್ತಾಯಿಸಲಿ. ಆಮೇಲೆ ದೋಣಿಗಳು ಬರಲಿ, ಚುಕ್ಕಾಣಿ ಹಿಡಿಯುವುದನ್ನು ದಡದ ಮಕ್ಕಳಿಗೇ ಮೊದಲು ಕಲಿಸಲಿ.