ಹೊಟ್ಟೆ ತುಂಬಿದವನೇ ಕಾವಲಿಗೆ

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾನು ಎರಡು ತಿಂಗಳು ವರ್ಕ್ ಫ್ರಮ್ ಹೋಮ್ ಕೇಳ್ಕೊಂಡು, ಲ್ಯಾಪ್‌ಟಾಪ್ ಹೊತ್ಕೊಂಡು ಊರಿಗೆ ಬಂದೆ. ತುಮಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗೋದು ಹಿತ್ತಲ ಜಗಲಿಯಲ್ಲಿ ಮಾತ್ರ. ಅದೇ ನನ್ನ ಆಫೀಸು.

ಮೊದಲ ದಿನದ ಮೀಟಿಂಗ್‌ನಲ್ಲೇ ಮ್ಯಾನೇಜರ್ ಕೇಳಿದ್ರು, "ಮನೇಲಿ ಏನಾದ್ರೂ ಜಗಳ ನಡೀತಿದ್ಯಾ?"

"ಜಗಳ ಅಲ್ಲ ಸರ್, ಹಕ್ಕಿ!"

ನೀವೂ ನೋಡಿರ್ತೀರಿ. ಹೆಚ್ಚುಕಮ್ಮಿ ಮೈನಾ ಗಾತ್ರ, ಮಣ್ಣಿನ ಬಣ್ಣ, ಹಳದಿ ಕೊಕ್ಕು, ಸದಾ ಸಿಟ್ಟಲ್ಲಿರೋ ಹಾಗೆ ಕಾಣೋ ಬಿಳಿ ಕಣ್ಣು. ಹಲಸಿನ ಮರದ ಕೆಳಗೆ ಗುಂಪಾಗಿ ಕುಪ್ಪಳಿಸ್ತಾ, ತರಗೆಲೆ ಮಗುಚಿ ಹುಳ ಹೆಕ್ಕುತ್ತವೆ. ಬಾಯಿಗೆ ಬಿಡುವಿಲ್ಲ. ಕನ್ನಡದಲ್ಲಿ ಇದಕ್ಕೆ ಹರಟೆಮಲ್ಲ ಅಂತ ಹೆಸರು. ಇಂಗ್ಲಿಷಿನವರು 'ಏಳು ಅಕ್ಕತಂಗಿಯರು' ಅಂದ್ರೆ, ಹಿಂದಿಯವರಿಗೆ ಇವು 'ಸಾತ್ ಭಾಯಿ', ಏಳು ಅಣ್ಣತಮ್ಮಂದಿರು. ವಿಜ್ಞಾನಿಗಳು ಬಹಳ ಕಾಲ ಟರ್ಡಾಯ್ಡಿಸ್ ಕುಲದಲ್ಲಿ ಇಟ್ಟಿದ್ದರು. 2018ರಲ್ಲಿ ಡಿಎನ್‌ಎ ನೋಡಿ ಆರ್ಗಿಯಾ ಕುಲಕ್ಕೆ ಸೇರಿಸಿದರು. ಒಣ ಬಯಲಿನ ಬೂದು ಹರಟೆಮಲ್ಲ, ಪಶ್ಚಿಮ ಘಟ್ಟದ ಕೆಂಗಂದು ಬಣ್ಣದ್ದು, ಇಸ್ರೇಲ್ ಮರುಭೂಮಿಯ ಅರೇಬಿಯನ್ ಹರಟೆಮಲ್ಲ ಎಲ್ಲವೂ ಒಂದೇ ಕುಲದವು.

ಇವುಗಳ ಸಂಸಾರ ಪಕ್ಕಾ ಅವಿಭಕ್ತ ಕುಟುಂಬ. ಮೊಟ್ಟೆ ಇಟ್ಟವರು ಯಾರೇ ಇರಲಿ, ಮರಿಗೆ ಗುಂಪಿನ ಉಳಿದವರೂ ಹುಳ ತಂದು ತಿನ್ನಿಸ್ತಾರೆ. ಕವಿಗಳು ಹೊಗಳೋ ಚಾತಕ ಪಕ್ಷಿ ಇವುಗಳ ಗೂಡಲ್ಲಿ ಕದ್ದು ಮೊಟ್ಟೆ ಇಟ್ಟು ಹೋದರೆ, ಆ ಮರಿಯನ್ನೂ ಸಾಕುತ್ತವೆ! ಎಲ್ಲ ನೆಲದಲ್ಲಿ ಮೇಯುವಾಗ ಒಬ್ಬ ಕೊಂಬೆಯ ಮೇಲೆ ಕಾವಲು. ಗಿಡುಗ ಕಂಡ್ರೆ ಕೂಗಿ ಎಚ್ಚರಿಸೋದು ಅವನ ಕೆಲಸ. ಆಫೀಸಿನ ಭಾಷೇಲಿ ಹೇಳೋದಾದ್ರೆ, ಅವನು 'ಆನ್-ಕಾಲ್'.

ಮನೆಯೊಳಗೆ ಆ ಕಾವಲುಗಾರ ನಾನು. ಮೈಸೂರಿನಿಂದ ಅಕ್ಕ ದಿನಾ ಫೋನ್ ಮಾಡೋಳು, "ನಾನು ಬರ್ತೀನಿ ಕಣೋ."

"ನಿನಗೆ ನಿನ್ನ ಮನೆ, ಮಕ್ಕಳು ಇದಾರೆ. ನಾನಿದೀನಲ್ಲ" ಅಂತಿದ್ದೆ. ಪಕ್ಕದ ಮನೆ ಚಿಕ್ಕಮ್ಮ ರಾತ್ರಿ ಮಲಗೋಕೆ ಬರ್ತೀನಿ ಅಂದ್ರೂ ಬೇಡ ಅಂದೆ. ಮಗ ಇರುವಾಗ ಬೇರೆಯವರು ಯಾಕೆ ಅನ್ನೋ ಬಿಂಕ. ಹಗಲು ಕೋಡಿಂಗ್, ರಾತ್ರಿ ಎರಡು ಮೂರು ಸಲ ಏಳೋದು, ಊಟ ಆದಾಗ ಆಯ್ತು.

ಮೂರನೇ ವಾರ, ಒಂದು ರಾತ್ರಿ ಮೂರು ಗಂಟೆ. ದಡಾರ್ ಅಂತ ಸದ್ದು. ಎದ್ದು ನೋಡಿದ್ರೆ ವಾಕರ್ ನೆಲದ ಮೇಲಿದೆ. ಅಮ್ಮ ಮಂಚದ ಅಂಚು ಹಿಡ್ಕೊಂಡು ನಡುಗ್ತಾ ಅರ್ಧ ನಿಂತಿದ್ದಾರೆ. ಇನ್ನೊಂದು ಗಳಿಗೆ ತಡವಾಗಿದ್ರೆ ಬಿದ್ದೇ ಬಿಡ್ತಿದ್ರು.

"ಯಾಕಮ್ಮಾ ಕರೀಲಿಲ್ಲ?"

"ಎರಡು ಸಲ ಕರೆದೆ ಮಗಾ. ನೀನು ಏಳಲಿಲ್ಲ. ಪಾಪ, ಸುಸ್ತಾಗಿದ್ದೀಯ ಅಂತ ಸುಮ್ಮನಾದೆ."

ಆಮೇಲೆ ನನಗೆ ನಿದ್ದೆ ಬರಲಿಲ್ಲ. ಕೈ ನಡುಗೋದು ನಿಲ್ಲಲಿ ಅಂತ ಮೊಬೈಲಿನಲ್ಲಿ ಹರಟೆಮಲ್ಲಗಳ ಬಗ್ಗೆ ಓದ್ತಾ ಕೂತೆ. ಇಸ್ರೇಲಿನ ಅಮೋಟ್ಜ್ ಜಹಾವಿ ಅನ್ನೋ ವಿಜ್ಞಾನಿ ಅರೇಬಿಯನ್ ಹರಟೆಮಲ್ಲಗಳನ್ನು ದಶಕಗಳ ಕಾಲ ಗಮನಿಸಿದವರು. ಕಾವಲು ಕೂರೋಕೆ ಇವುಗಳಲ್ಲಿ ಪೈಪೋಟಿ ಇದೆ, ಅದು ಪ್ರತಿಷ್ಠೆಯ ವಿಷಯ ಅನ್ನೋದು ಅವರ ವಾದ. ಓದಿ ನಗು ಬಂತು, ನನ್ನದೇ ಕಥೆ! ಆದ್ರೆ ಮುಂದೆ ಇನ್ನೊಂದು ಪ್ರಯೋಗದ ವಿಷಯ ಇತ್ತು. ಅದೇ ಹಕ್ಕಿಗಳಿಗೆ ಹೆಚ್ಚುವರಿ ಆಹಾರ ಕೊಟ್ಟಾಗ, ತಿಂದ ಹಕ್ಕಿ ಹೆಚ್ಚು ಹೊತ್ತು ಕಾವಲು ಕೂರ್ತಿತ್ತಂತೆ. ಅಂದ್ರೆ ಹೊಟ್ಟೆ ತುಂಬಿದವನು ಮೇಲೆ ಹತ್ತುತ್ತಾನೆ. ಹಸಿದಾಗ ಇಳಿದು ಮೇಯ್ತಾನೆ, ಆಗ ಇನ್ನೊಬ್ಬ ಹತ್ತುತ್ತಾನೆ.

ಆಫೀಸಿನಲ್ಲಿ ಆನ್-ಕಾಲ್ ಡ್ಯೂಟಿ ಒಬ್ಬೊಬ್ಬರಿಗೆ ಒಂದೊಂದು ವಾರ. ಮೂರು ವಾರ ಸತತವಾಗಿ ಒಬ್ಬನನ್ನೇ ಹಾಕಿದ್ರೆ ಮೊದಲು ಜಗಳ ಆಡೋನು ನಾನೇ. ಅದೇ ಬುದ್ಧಿ ಮನೆಯಲ್ಲಿ ಓಡಿರಲಿಲ್ಲ.

ಬೆಳಗಾದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ರಾತ್ರಿ ಆದದ್ದನ್ನೂ ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವಳು ನನಗೂ ಅಮ್ಮ ಅಲ್ವೇನೋ?" ಅಂದಳು. ಸಂಜೆಯ ಬಸ್ಸಿಗೇ ಬಂದಳು. ಆ ರಾತ್ರಿ ನಾನು ಒಂಬತ್ತು ಗಂಟೆ ನಿದ್ದೆ ಮಾಡಿದೆ. ಈಗ ಒಂದು ವಾರ ನಾನು, ಒಂದು ವಾರ ಅಕ್ಕ, ನಡುವೆ ಚಿಕ್ಕಮ್ಮ.

ನಿನ್ನೆ ಅಮ್ಮ ವಾಕರ್ ಹಿಡ್ಕೊಂಡು ಮೊದಲ ಸಲ ಜಗಲಿವರೆಗೆ ಬಂದ್ರು. ಕುರ್ಚಿಯಲ್ಲಿ ಕೂತು ಹಲಸಿನ ಮರದ ಕಡೆ ನೋಡ್ತಾ ಬೆರಳು ಮಡಚಿ ಎಣಿಸಿದ್ರು.

"ಏಳು ಅಂತೀಯಲ್ಲೋ, ಒಂಬತ್ತಿವೆ."

"ಸರಿಯಾಗಿ ನೋಡಮ್ಮ. ಮೇಲೊಬ್ಬ ಕೂತಿದಾನೆ, ಹತ್ತು."