ಹೊಸ ನಗರಕ್ಕೆ ಮೊದಲು ಬೈರಮಂಗಲದ ನೀರು

ನಮ್ಮ ಯೋಜನೆಕಾರರ ಕಣ್ಣಿಗೆ ಹಳ್ಳಿ ಎಂದರೆ ಇನ್ನೂ ನಗರವಾಗದೆ ಉಳಿದುಬಿಟ್ಟ ಜಾಗ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿ ಜಿಲ್ಲೆ ಮಾಡಿದರು. 2025ರಲ್ಲಿ ಅದೇ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟರು. ಹೆಸರಿಗೆ ನನ್ನ ತಕರಾರಿಲ್ಲ. ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆಯೂ ಆಗಿತ್ತು. ಇಡೀ ಜಿಲ್ಲೆ ಬೆಂಗಳೂರಿನ ಹಿತ್ತಲು ಎಂಬ ಭಾವನೆಯ ಮೇಲೆ ನನ್ನ ತಕರಾರು.

ಹಿತ್ತಲಿಂದ ಬೇಕಾದ್ದನ್ನು ಕಿತ್ತು ತರುತ್ತೇವೆ, ಬೇಡದ್ದನ್ನು ಅಲ್ಲಿಗೇ ಎಸೆಯುತ್ತೇವೆ. ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಅಣೆಕಟ್ಟು ಕಟ್ಟಿ 1930ರ ದಶಕದಿಂದ ಬೆಂಗಳೂರು ನೀರು ಕುಡಿಯಿತು. ಪ್ರತಿಯಾಗಿ ವೃಷಭಾವತಿಯಲ್ಲಿ ತನ್ನ ಚರಂಡಿಯನ್ನೂ ಕಾರ್ಖಾನೆಗಳ ಕೊಳೆಯನ್ನೂ ಕಳಿಸಿತು. ಮೈಸೂರು ಅರಸರ ಕಾಲದಲ್ಲಿ ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಬಿದ್ದದ್ದು ಅದೇ. ಆ ನೀರಿನಲ್ಲಿ ಮೇವು ಬೆಳೆಯಿತು, ಮೇವು ತಿಂದ ಹಸುವಿನ ಹಾಲು ಡೇರಿಗೆ ಹೋಯಿತು. ಕೊಳೆ ಅಲ್ಲಿಗೂ ನಿಲ್ಲದೆ ಅರ್ಕಾವತಿಗೆ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಯನ್ನು ಮುಟ್ಟಿತು.

ಇಂಥ ಕೆರೆಯ ಸುತ್ತಮುತ್ತಲೇ ಹೊಸ ನಗರ ಕಟ್ಟುತ್ತಾರಂತೆ! 2006ರಲ್ಲಿ ಮೊಳೆತ ಬಿಡದಿ ಟೌನ್‌ಷಿಪ್ 2025ರಲ್ಲಿ ಮತ್ತೆ ತಲೆಯೆತ್ತಿ 7,000ಕ್ಕೂ ಹೆಚ್ಚು ಎಕರೆ ಕೇಳಿತು. ರೈತರು ಧರಣಿ ಕೂತರು. ಕೈತುಂಬ ಪರಿಹಾರ ಕೊಡುತ್ತೇವಲ್ಲ ಎಂಬುದು ಸರ್ಕಾರದ ಕಡೆಯವರ ಉತ್ತರ. ಕೊಡಲಿ. ಆದರೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ರೇಷ್ಮೆ ಸೊಪ್ಪು ಕೊಯ್ಯುವವಳ ಹೆಸರು, ಹುಳು ಹಣ್ಣಾದಾಗ ಚಂದ್ರಿಕೆ ಬಾಡಿಗೆಗೆ ಕೊಡುವವನ ಹೆಸರು, ಗೂಡು ಬೇಯಿಸಿ ನೂಲು ತೆಗೆಯುವವರ ಹೆಸರು ಯಾವ ಪಹಣಿಯಲ್ಲಿದೆ? ಸೊಪ್ಪಿನ ತೋಟ ವರ್ಷಕ್ಕೆ ನಾಲ್ಕೈದು ಬೆಳೆ ಕೊಟ್ಟು ಇಷ್ಟೂ ಮನೆಗಳ ಒಲೆ ಹಚ್ಚುತ್ತದೆ. ನಿವೇಶನವನ್ನು ಮಾರುವುದು ಒಂದೇ ಸಲ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಭಾಷಣದಲ್ಲಿ ಹೆಮ್ಮೆಪಡುವವರು ಆ ಗೂಡು ಮಣ್ಣಿನಲ್ಲಿ ಬೇರೂರಿದೆ ಎಂಬುದನ್ನು ಮರೆಯುತ್ತಾರೆ. ಚನ್ನಪಟ್ಟಣದ ಗೊಂಬೆಯ ಕತೆಯೂ ಇದೇ. ಗೊಂಬೆಗೆ ಪ್ರಶಸ್ತಿ, ಪ್ರದರ್ಶನ ಎಲ್ಲ ಉಂಟು. ಗೊಂಬೆಯಾಗಬೇಕಾದ ಆಲೆಮರ ಬೆಳೆಸಲು ಎಷ್ಟು ಜಾಗ ಎಂದು ಕೇಳಿದರೆ ನಕ್ಷೆಯಲ್ಲಿ ಉತ್ತರವಿಲ್ಲ.

ಹಳ್ಳಿಗರಿಗೆ ರಸ್ತೆ, ಆಸ್ಪತ್ರೆ, ಓದಿದ ಮಕ್ಕಳಿಗೆ ಕೆಲಸ ಬೇಡವೆ? ಖಂಡಿತ ಬೇಕು. ಅವನ್ನು ಇರುವ ನಾಲ್ಕು ಪೇಟೆಗಳಿಗೆ, ಹೋಬಳಿಗಳಿಗೆ ಕೊಡಿ. ಮಾಗಡಿಯ ಹುಡುಗ ಬೆಳಿಗ್ಗೆ ಬಸ್ಸಿಗೆ ಜೋತುಬಿದ್ದು ಬೆಂಗಳೂರಿಗೆ ಓಡದಂತಾದರೆ ಅದೇ ಯೋಜನೆ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಗಂಡನೊಡನೆ ಕುದೂರಿನ ದಾರಿಗೆ ಆಲದ ಸಾಲು ನೆಟ್ಟಾಗ ಮೊದಲು ಯೋಚಿಸಿದ್ದು ನೀರಿನ ಬಗ್ಗೆ. ಬಿಂದಿಗೆಯಲ್ಲಿ ಹೊತ್ತು ತಂದು ಎರೆದರು. ಅಕ್ಷರ ಬಾರದ ಆ ತಾಯಿಗೆ ಗೊತ್ತಿದ್ದ ಈ ಕ್ರಮ ದೊಡ್ಡ ಓದಿನವರಿಗೆ ತಿಳಿಯದೇನು?

ಆದ್ದರಿಂದ ನನ್ನ ಷರತ್ತು ಒಂದೇ. ಮೊದಲು ಬೈರಮಂಗಲಕ್ಕೆ ದನ ಕುಡಿಯುವಂಥ ನೀರು ಬರಲಿ. ಆಮೇಲೆ ನಕ್ಷೆ ಹಿಡಿದು ಗ್ರಾಮಸಭೆಗೆ ಬನ್ನಿ, ಕೂತು ಮಾತಾಡೋಣ. ಇರುವ ಕೆರೆಯನ್ನು ಕೊಳೆಸಿದವರು ಹೊಸ ನಗರವನ್ನು ಚೊಕ್ಕಟವಾಗಿ ಇಡುತ್ತಾರೆಂದು ನಂಬಿ ಯಾವ ರೈತನೂ ಹೊಲ ಬಿಟ್ಟುಕೊಡಬೇಕಾಗಿಲ್ಲ.