ಸೇಂಟ್ ಮಾರ್ಕ್ಸ್ ಗೋಡೆಯ ಶಾಸನಗಳು

ಟಿ. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿಯುವವರು ತಮಗರಿವಿಲ್ಲದೆಯೇ ಒಂದು ಹಳೆಯ ಗಡಿಯನ್ನು ದಾಟಿರುತ್ತಾರೆ. ಆಚೆ ಮೈಸೂರು ಸಂಸ್ಥಾನದ ಪೇಟೆ, ಈಚೆ ಬ್ರಿಟಿಷರ ದಂಡು. 1949ರಲ್ಲಿ ಎರಡರ ಆಡಳಿತವೂ ಒಂದಾಗಿ ನಗರಪಾಲಿಕೆ ರೂಪುಗೊಂಡಿತು. ಮನಸ್ಸಿನೊಳಗಿನ ಗಡಿ ಮಾತ್ರ ಪೂರ್ತಿ ಅಳಿದಂತಿಲ್ಲ. ದಂಡು ಪ್ರದೇಶದ ಚರ್ಚುಗಳೆಂದರೆ 'ಅವರ' ಚರಿತ್ರೆ, ಚೆಂದದ ಕಟ್ಟಡಗಳಿದ್ದರೆ ಇರಲಿ ಎಂಬ ಉದಾಸೀನ ಸುಶಿಕ್ಷಿತರಲ್ಲಿಯೂ ಇದೆ. ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ವಿಷಯದಲ್ಲಿ ಈ ಉದಾಸೀನದಿಂದ ನಷ್ಟವಾಗುವುದು ನಮಗೇ.

1799ರಲ್ಲಿ ಶ್ರೀರಂಗಪಟ್ಟಣ ಕಂಪನಿಯ ವಶವಾಯಿತು. ಆದರೆ ಅಲ್ಲಿನ ಜ್ವರ ಸೈನಿಕರನ್ನು ಬಿಡಲಿಲ್ಲ. ಟಿಪ್ಪುವನ್ನು ಗೆದ್ದ ಸೇನೆ ಸೊಳ್ಳೆಗೆ ಸೋತು ಬೆಂಗಳೂರಿಗೆ ಬಂದಿತೆನ್ನಬಹುದು. ಹೀಗೆ ಹುಟ್ಟಿದ ದಂಡಿನಲ್ಲಿ ಸೈನಿಕರ ಪ್ರಾರ್ಥನೆಗೆಂದು 1808ರಲ್ಲಿ ಈ ಚರ್ಚಿನ ಕೆಲಸ ಆರಂಭವಾಗಿ 1812ರಲ್ಲಿ ಮುಗಿಯಿತು. 1816ರಲ್ಲಿ ಕಲ್ಕತ್ತೆಯ ಬಿಷಪ್ ಬಂದು ಪ್ರತಿಷ್ಠಾಪನೆ ನೆರವೇರಿಸಿದರು. ಹೆಸರಿನಲ್ಲಿರುವ ಮಾರ್ಕ್ ನಮ್ಮ ಮಾರ್ಕ್ ಕಬ್ಬನ್ ಎಂದು ಭಾವಿಸುವವರುಂಟು. ಕಬ್ಬನ್ ಕಮಿಷನರ್ ಆದದ್ದು 1834ರಲ್ಲಿ. ದಕ್ಷಿಣ ಭಾರತ ಸಭೆ ರೂಪುಗೊಂಡ 1947ರಿಂದ ಅದೇ ಆಂಗ್ಲಿಕನ್ ಚರ್ಚು ಸ್ವತಂತ್ರ ಭಾರತದ ಸಭೆಯೊಂದಕ್ಕೆ ಸೇರಿದೆ.

ನಾವಿಂದು ನೋಡುವ ಗುಮ್ಮಟ 1812ರದ್ದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. 1923ರ ಬೆಂಕಿಯಲ್ಲಿ ಹಾನಿಗೀಡಾದ ಚರ್ಚು 1927ರಲ್ಲಿ ಮರುನಿರ್ಮಾಣಗೊಂಡಿತು. ಹಾಗೆಂದು ಪರಂಪರೆಯ ಪಟ್ಟಿಯಿಂದ ಅದನ್ನು ಕೈಬಿಡುವುದಾದರೆ ಬೆಂಗಳೂರಿನ ಕೋಟೆಯನ್ನೂ ಬಿಡಬೇಕಾಗುತ್ತದೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಅದರಲ್ಲಿಯೂ ಉಳಿದಿರುವುದು ಒಂದು ತುಣುಕು. ಬಿದ್ದದ್ದೂ ಕಟ್ಟಿದ್ದೂ ಕಟ್ಟಡದ ಚರಿತ್ರೆಯೇ.

ಇನ್ನು, ಅದರ ಮಹತ್ವವೆಲ್ಲ ಗುಮ್ಮಟದಲ್ಲಿಯೇ ಇದೆ ಎಂದೇನೂ ಅಲ್ಲ. ದಂಡಿನ ಚರ್ಚುಗಳ ಗೋಡೆಗಳಲ್ಲಿ ಯುದ್ಧ, ಜ್ವರ, ಕಾಲರಾಗಳಿಗೆ ಬಲಿಯಾದವರ ಸ್ಮಾರಕ ಫಲಕಗಳಿರುತ್ತವೆ. ಇವು ವೀರಗಲ್ಲುಗಳಲ್ಲದೆ ಮತ್ತೇನು? ದಾಸರಹಳ್ಳಿಯಂತೆಯೇ ಉತ್ತರ ಬೆಂಗಳೂರಿಗೆ ಸೇರಿದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಎಂಟನೆಯ ಶತಮಾನದ್ದು. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ ಕಾದಿ ಮಡಿದವನ ನೆನಪು ಅದು. ಅದಕ್ಕೊಂದು ಮಂಟಪ ಬೇಕೆಂದು ನಾಗರಿಕರೇ ಮುಂದೆ ಬಂದದ್ದು ನಾಡು ಮೆಚ್ಚಬೇಕಾದ ಸಂಗತಿ. ಅದೇ ಆಸ್ಥೆ ಇಂಗ್ಲಿಷಿನಲ್ಲಿ ಕೊರೆದ ಅಮೃತಶಿಲೆಯ ಮೇಲೇಕಿಲ್ಲ? ಆ ಫಲಕಗಳು ಗೆದ್ದವರ ಬರಹ, ನಿಜ. ಚರ್ಚಿಗೆ ಕಲ್ಲು ಹೊತ್ತ, ಗಾರೆ ಅರೆದ ಈ ನೆಲದವರ ಹೆಸರನ್ನು ಅಲ್ಲಿ ಹುಡುಕುವುದು ವ್ಯರ್ಥ. ಆದರೆ ಯಾರ ಹೆಸರಿಲ್ಲ ಎಂದು ತೋರಿಸಲಿಕ್ಕಾದರೂ ಇರುವ ಹೆಸರುಗಳು ಉಳಿಯಬೇಕಲ್ಲವೆ?

ಉಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಹಡ್ಸನ್ ವೃತ್ತದ ಬಳಿಯೇ ಇದೆ, ಅಥವಾ, ಇಲ್ಲ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಕಂಪನಿ ಸೇನೆಯವರ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ದಾಸ್ಯದ ಗುರುತು ಅಳಿಯಬೇಕೆಂಬ ಅಂದಿನವರ ಆವೇಶ ಅರ್ಥವಾಗುವಂಥದ್ದು. ರಸ್ತೆಗೆ ನೃಪತುಂಗನ ಹೆಸರಿಟ್ಟದ್ದೂ ಉಚಿತವೇ. ಆದರೆ ಅದೇ ಮುತ್ತಿಗೆಯಲ್ಲಿ ಕೋಟೆ ಕಾಯುತ್ತ ಪ್ರಾಣ ಬಿಟ್ಟ ಕಿಲ್ಲೇದಾರ ಬಹದ್ದೂರ್ ಖಾನ್ ಇಂದು ಎಷ್ಟು ಮಂದಿಗೆ ಗೊತ್ತು? ಶತ್ರುವಿನ ಕಲ್ಲನ್ನು ತೆಗೆದುದರಿಂದ ನಮ್ಮವನ ನೆನಪೇನೂ ಗಟ್ಟಿಯಾಗಲಿಲ್ಲ. ಆ ಯುದ್ಧ ನಡೆದದ್ದೇ ಇಲ್ಲಿ ಎಂಬುದಕ್ಕೆ ಇದ್ದ ಸಾಕ್ಷಿಗಳಲ್ಲೊಂದು ಹೋಯಿತು, ಅಷ್ಟೆ.

ಇಂದು ಅಪಾಯ ಬರುವುದು ಚಳವಳಿಗಳಿಂದಲ್ಲ, ಕಾಮಗಾರಿಗಳಿಂದ. 2019ರಲ್ಲಿ ಮೆಟ್ರೊ ನಿಲ್ದಾಣಕ್ಕಾಗಿ ಆಲ್ ಸೇಂಟ್ಸ್ ಚರ್ಚಿನ ಅಂಗಳದ ಮೇಲೆ ಕಣ್ಣು ಬಿದ್ದಾಗ ಸಭೆಯವರೂ ನಾಗರಿಕರೂ ಬೀದಿಗಿಳಿಯಬೇಕಾಯಿತು. ಸದ್ದಿಲ್ಲದೆ ಆಗುವ ಹಾನಿ ಇನ್ನೊಂದು ಬಗೆಯದು: ದುರಸ್ತಿಯ ಹೆಸರಿನಲ್ಲಿ ಬಳಿಯುವ ಸಿಮೆಂಟು, ಜಾಗ ಬದಲಿಸುವ ಫಲಕ, ಗೆದ್ದಲು ತಿನ್ನುವ ದಾಖಲೆ ಪುಸ್ತಕ. ಇವಕ್ಕೆ ಪ್ರತಿಭಟನೆ ಮದ್ದಲ್ಲ.

ಹೀಗಾಗಿ ಸರ್ಕಾರವನ್ನು ಕೇಳಬೇಕಾದದ್ದು ಗೇಟಿನ ಬಳಿ ಇನ್ನೊಂದು ನೀಲಿ ಬೋರ್ಡನ್ನಲ್ಲ. ಪುರಾತತ್ವ ಇಲಾಖೆಯು ಚರ್ಚಿನ ಆಡಳಿತದ ಒಪ್ಪಿಗೆ ಪಡೆದು ಪ್ರತಿಯೊಂದು ಫಲಕದ ಛಾಯಾಚಿತ್ರ ತೆಗೆಯಲಿ, ಪಾಠ ದಾಖಲಿಸಲಿ, ಕನ್ನಡ ಅನುವಾದದೊಡನೆ ಪ್ರಕಟಿಸಲಿ. ದೀಕ್ಷಾಸ್ನಾನ, ಮದುವೆ, ಮರಣಗಳ ಹಳೆಯ ದಾಖಲೆ ಪುಸ್ತಕಗಳನ್ನೂ ಸಂರಕ್ಷಿಸಲಿ. ಬೆಂಗಳೂರಿನಲ್ಲಿ ಹುಟ್ಟಿದ ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟವಾಗಿ ಹೊರತಂದದ್ದು 1905ರಲ್ಲಿ. ಮಿಷನರಿಯ ಮಗ ನಮ್ಮ ಕೆರೆ ಏರಿಯ ಕಲ್ಲುಗಳನ್ನು ಓದಲು ಕನ್ನಡ ಕಲಿತ. ಅವನ ಜನರ ಕಲ್ಲುಗಳನ್ನು ಓದಲು ನಮಗೆ ಇಂಗ್ಲಿಷ್ ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ.